‘ನಮ್ಮ ಬ್ಯಾಚಿನ ಎಲ್ಲರೂ’ ಅಂದರೆ ಯಾರು?

ಬೆಂಗಳೂರು, ಹೈದರಾಬಾದು, ಪುಣೆಯಲ್ಲಿ ನೌಕರಿ ಮಾಡೋ ಬೀದರ ಜಿಲ್ಲೆಯವರ ಫೋನಿಗೆ ಇಂಥದೊಂದು ಮೆಸೇಜು ಯಾವಾಗಲಾದರೂ ಬಂದೇ ಇರುತ್ತೆ: ‘ಗುರುವಂದನೆ ಹಾಗೂ ಸ್ನೇಹ ಸಮ್ಮಿಲನ. ನಮ್ಮ ಬ್ಯಾಚಿನ ಎಲ್ಲರೂ ತಪ್ಪದೇ ಬರಬೇಕು. ವಂತಿಗೆ ಎರಡು ಸಾವಿರ.’ ಕೆಳಗೊಂದು ಯುಪಿಐ ನಂಬರು, ಅದರ ಕೆಳಗೆ ಕೈಮುಗಿದ ಇಮೋಜಿ. ನಾವು ದುಡ್ಡು ಕಳಿಸ್ತೀವಿ, ‘ಸೂಪರ್ ಅಣ್ಣಾ’ ಅಂತ ಹಾಕ್ತೀವಿ. ರಜೆ ಸಿಕ್ಕರೆ ಹೋಗ್ತೀವಿ, ಸಿಗದಿದ್ದರೆ ಫೋಟೋ ನೋಡ್ತೀವಿ. ಆ ಮೆಸೇಜಿನ ಒಂದು ಪದದ ಹತ್ತಿರ ಮಾತ್ರ ನಾವು ಯಾರೂ ನಿಲ್ಲೋದಿಲ್ಲ. ‘ಎಲ್ಲರೂ’ ಅಂದರೆ ಯಾರು?

ಈ ಪ್ರಶ್ನೆಗೆ ಹೋಗೋ ಮೊದಲು ಮೆಸೇಜು ಕಳಿಸಿದವರ ಬಗ್ಗೆ ಎರಡು ಮಾತು. ಹಳೆಯ ವಿದ್ಯಾರ್ಥಿಗಳ ಸಂಘ ಅಂದರೆ ನೂರಾರು ಸದಸ್ಯರು ಅನ್ಸುತ್ತೆ. ನಡೆಸೋರು ಮೂರೋ ನಾಲ್ಕೋ ಜನ, ಅದೂ ಸಾಮಾನ್ಯವಾಗಿ ಊರಲ್ಲೇ ಉಳಿದವರು. ಮೆಡಿಕಲ್ ಶಾಪ್ ಇಟ್ಟವರು, ಎಲ್‌ಐಸಿ ಏಜೆಂಟು, ಅದೇ ಶಾಲೆಗೆ ಟೀಚರಾಗಿ ವಾಪಸ್ ಬಂದವರು, ಇಂಥವರು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಸೇರಿದರೆ ಸಂಘ ಹುಟ್ಟುತ್ತೆ. ಆಮೇಲೆ ವರ್ಷ ವರ್ಷ ಸರ್ವ ಸದಸ್ಯರ ಸಭೆ, ಲೆಕ್ಕಪತ್ರದ ಆಡಿಟ್ಟು, ನೋಂದಣಿ ಕಚೇರಿಗೆ ವರದಿ. ದಾನಿಗಳಿಗೆ ತೆರಿಗೆ ವಿನಾಯಿತಿ ಬೇಕಂದರೆ 80ಜಿ ಕಾಗದ ಬೇರೆ. ಶಾಮಿಯಾನದವರ ಜೊತೆ ಚೌಕಾಸಿ, ನಿವೃತ್ತ ಮಾಸ್ತರರ ಮನೆಮನೆಗೆ ಹೋಗಿ ಕರೆಯೋದು, ಮೊಣಕಾಲು ನೋವಿರೋ ಟೀಚರಮ್ಮನಿಗೆ ಕಾರು ಕಳಿಸೋದು. ಯಾವುದಕ್ಕೂ ಸಂಬಳ ಇಲ್ಲ. ‘ಲೆಕ್ಕ ಎಲ್ಲೈತ್ರಿ?’ ಅನ್ನೋ ಪ್ರಶ್ನೆ ಮಾತ್ರ ದೂರದೂರಿನಿಂದ ಖಾತ್ರಿ ಬರುತ್ತೆ. ಹಾಗಾಗಿ ನಾನು ಇಲ್ಲಿ ಕೇಳ್ತಿರೋದು ಅವರನ್ನ ಕೆಳಗೆ ಮಾಡಲಿಕ್ಕೆ ಅಲ್ಲ. ‘ಎಲ್ಲರೂ’ ಅನ್ನೋ ಪದದ ಅರ್ಥ ಬದಲಾಯಿಸೋ ಶಕ್ತಿ ಇರೋದು ಅವರ ಕೈಯಲ್ಲೇ, ಅದಕ್ಕೆ.

ಸಂಘದ ಗ್ರೂಪು ಶುರುವಾಗೋದು ಹೇಗೆ ನೋಡಿ. ಇಂಥ ವರ್ಷದ ಎಸ್ಸೆಸ್ಸೆಲ್ಸಿ ಬ್ಯಾಚು ಅಂತ ಒಬ್ಬರು ಗ್ರೂಪು ಮಾಡ್ತಾರೆ, ತಮ್ಮ ಹತ್ತಿರ ಇರೋ ನಂಬರು ಸೇರಿಸ್ತಾರೆ, ಅವರು ಇನ್ನಿಬ್ಬರನ್ನ ಸೇರಿಸ್ತಾರೆ. ಪಟ್ಟಿ ಬೆಳೆಯೋದು ಪರಿಚಯದ ದಾರಿಯಲ್ಲೇ. ಈಗ ಶಾಲೆಯ ಕಪಾಟಿನಲ್ಲಿರೋ ದಾಖಲಾತಿ ರಿಜಿಸ್ಟರ್ ತೆಗೀರಿ. ಎಂಟನೇ ತರಗತಿಗೆ ಅರವತ್ತು ಮಕ್ಕಳು ಸೇರಿದ್ದರು ಅಂತಿಟ್ಟುಕೊಳ್ಳಿ. ಹತ್ತನೇ ಪರೀಕ್ಷೆಗೆ ಕೂತವರು ನಲವತ್ತು, ಪಾಸಾದವರು ಇಪ್ಪತ್ತೈದು. ಗ್ರೂಪಿನಲ್ಲಿರೋರು ಹೆಚ್ಚುಕಮ್ಮಿ ಈ ಇಪ್ಪತ್ತೈದು. ಉಳಿದ ಮೂವತ್ತೈದು ಮಂದಿಯೂ ಅದೇ ಮಣ್ಣಿನ ಅಂಗಳದಲ್ಲಿ ಪ್ರಾರ್ಥನೆಗೆ ನಿಂತವರು, ಅದೇ ಮಾಸ್ತರರ ಕೈಯಲ್ಲಿ ಏಟು ತಿಂದವರು. ಶಾಲೆಯ ಪ್ರಕಾರ ಅವರೂ ಹಳೆಯ ವಿದ್ಯಾರ್ಥಿಗಳೇ. ಸಂಘದ ಪ್ರಕಾರ ಅವರು ಇಲ್ಲವೇ ಇಲ್ಲ.

ಬಿಟ್ಟುಹೋದವರು ಎಲ್ಲಿ ಬಿಟ್ಟರು ಅನ್ನೋದೂ ಮುಖ್ಯ. ಶಿಕ್ಷಣ ಹಕ್ಕು ಕಾಯ್ದೆ 2009 ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ, ಒಂದರಿಂದ ಎಂಟನೇ ತರಗತಿಯವರೆಗೆ. ನಮ್ಮ ರಾಜ್ಯದಲ್ಲಿ ಹೈಸ್ಕೂಲು ಶುರುವಾಗೋದೇ ಎಂಟರಿಂದ. ಅಂದರೆ ಹುಡುಗ ಹೈಸ್ಕೂಲಿನ ಮೊದಲ ವರ್ಷ ಮುಗಿಸೋ ಹೊತ್ತಿಗೆ ಕಾನೂನು ಅವನ ಕೈ ಬಿಟ್ಟಿರುತ್ತೆ. ಔರಾದ ಕಡೆಯ ತಾಂಡಾದಲ್ಲಿ ಅಪ್ಪ ಅಮ್ಮ ದುಡೀಲಿಕ್ಕೆ ಹೈದರಾಬಾದಿಗೋ ಪುಣೆಗೋ ಹೊರಟರೆ, ಒಂಬತ್ತನೇ ತರಗತಿಯ ಹುಡುಗನನ್ನ ಶಾಲೆಯಲ್ಲಿ ಹಿಡಿದಿಡೋದು ಮಾಸ್ತರರ ಒಳ್ಳೆಯತನ ಮಾತ್ರ.

ಹೆಣ್ಣುಮಕ್ಕಳ ಕಥೆ ಇನ್ನೂ ಬೇರೆ. ಪಾಸಾದವರು ಕೂಡ ಗ್ರೂಪಿನಲ್ಲಿ ಇರೋದು ಕಡಿಮೆ. ಮದುವೆಯಾಗಿ ಊರು ಬದಲು, ಅಡ್ಡಹೆಸರು ಬದಲು, ಎಷ್ಟೋ ಸಲ ಫೋನ್ ನಂಬರು ಗಂಡನದು. ‘ಅವರು ಸಿಗಂಗಿಲ್ರಿ’ ಅಂತ ಕೈಬಿಡ್ತಾರೆ. ಆದರೆ ತವರಿನಲ್ಲಿ ಅಣ್ಣತಮ್ಮಂದಿರು ಇದ್ದೇ ಇರ್ತಾರಲ್ಲ? ಪಂಚಮಿಗೆ ಅವರು ತವರಿಗೆ ಬರ್ತಾರಲ್ಲ? ಸಮ್ಮಿಲನ ಡಿಸೆಂಬರಿನಲ್ಲಿ ಇಡೋದು ನಮ್ಮ ಆಫೀಸಿನ ರಜೆ ನೋಡಿ. ಶ್ರಾವಣದಲ್ಲಿ ಇಟ್ಟು ನೋಡಿದರೆ ಬೇರೆ ಬ್ಯಾಚೇ ಕಂಡೀತು.

ಭಾಷೆಯ ಗೋಡೆಯೂ ಇದೆ. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ಅತ್ತ ಮುಂಬೈ ರಾಜ್ಯಕ್ಕೆ, ನಾರಾಯಣಖೇಡ, ಜಹೀರಾಬಾದ್ ಕಡೆಯದು ಆಂಧ್ರಕ್ಕೆ, ಬೀದರ, ಭಾಲ್ಕಿ, ಔರಾದ ಮೈಸೂರಿಗೆ. ಗಡಿ ಕಾಗದದ ಮೇಲೆ ಬಂತು, ನಾಲಿಗೆ ಮೇಲೆ ಬರಲಿಲ್ಲ. ಇವತ್ತಿಗೂ ಈ ಕಡೆ ಕನ್ನಡ, ಮರಾಠಿ, ಉರ್ದು ಮಾಧ್ಯಮದ ಶಾಲೆಗಳಿವೆ. ಒಂದೇ ಅಂಗಳದಲ್ಲಿ ಖೋಖೋ ಆಡಿದವರು ಮಾಧ್ಯಮ ಬೇರೆ ಅನ್ನೋ ಕಾರಣಕ್ಕೆ ಬೇರೆ ಬೇರೆ ಗ್ರೂಪಿನಲ್ಲಿ ಇರ್ತಾರೆ, ಅಥವಾ ಯಾವುದರಲ್ಲೂ ಇರೋದಿಲ್ಲ.

ಭಾಲ್ಕಿಯವರಿಗೆ ಡಾ. ಚನ್ನಬಸವ ಪಟ್ಟದ್ದೇವರ ಕಥೆ ಹೊಸದಾಗಿ ಹೇಳಬೇಕಿಲ್ಲ. ನಿಜಾಮರ ಕಾಲ, ಉರ್ದುವಿನದೇ ದರ್ಬಾರು. ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು ಅಂತ ಊರೆಲ್ಲ ಹೇಳುತ್ತೆ. ನಾವು ಈ ಕಥೆಯನ್ನ ರಾಜ್ಯೋತ್ಸವದ ಭಾಷಣದಲ್ಲಿ ಕನ್ನಡದ ಅಭಿಮಾನಕ್ಕೆ ಬಳಸ್ತೀವಿ, ತಪ್ಪೇನಿಲ್ಲ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತೆ. ಆ ಬೋರ್ಡು ಹೇಳಿದ್ದಕ್ಕಿಂತ ಹೆಚ್ಚು ಮಕ್ಕಳಿಗೆ ಒಳಗೆ ಜಾಗ ಇತ್ತು. ನಮ್ಮ ಸಂಘಗಳ ಬೋರ್ಡು ಇದಕ್ಕೆ ಉಲ್ಟಾ. ಹೊರಗೆ ‘ಎಲ್ಲ ಹಳೆಯ ವಿದ್ಯಾರ್ಥಿಗಳು’ ಅಂತ ಇದೆ, ಒಳಗೆ ನೋಡಿದರೆ ಪಾಸಾದವರು, ನೌಕರಿ ಸಿಕ್ಕವರು, ವಂತಿಗೆ ಕೊಡಬಲ್ಲವರು.

ಇದಕ್ಕೇನೀಗ, ಅಂತ ನೀವು ಕೇಳಬಹುದು. ಗೆಳೆಯರು ಸೇರಿ ಒಂದು ದಿನ ಖುಷಿಯಾಗಿರೋದೂ ತಪ್ಪಾ? ಖಂಡಿತ ಅಲ್ಲ. ಗೆಳೆಯರ ಕೂಟ ಅಂತ ಕರೆದರೆ ನನ್ನ ತಕರಾರಿಲ್ಲ. ಆದರೆ ವೇದಿಕೆ ಮೇಲೆ ಮೈಕು ಹಿಡಿದ ಕೂಡಲೇ ನಾವು ಆಡೋ ಮೊದಲ ಮಾತು ‘ಶಾಲೆಯ ಋಣ’. ಋಣ ಅಂದಮೇಲೆ ಯಾರಿಗೆ, ಎಷ್ಟು ಅಂತ ಕೇಳಲೇಬೇಕು.

ಹಿಂದಿನವರು ದೇವಋಣ, ಪಿತೃಋಣ, ಋಷಿಋಣ ಅಂತ ಮೂರು ಲೆಕ್ಕ ಹೇಳಿದರು. ಋಷಿಋಣ ತೀರೋದು ಕಲಿತು, ಕಲಿಸಿ. ಕಲಿಸಿದವರಿಗೆ ಶಾಲು ಹೊದಿಸಿದರೆ ಪ್ರೀತಿ ತೋರಿಸಿದಂತೆ, ಸಾಲ ತೀರಿಸಿದಂತೆ ಅಲ್ಲ. ಆ ಸಾಲ ಮುಂದಿನ ಹುಡುಗನಿಗೆ ಹೋಗಬೇಕಾದ್ದು. ಇಲ್ಲಿಯವರೆಗೆ ಎಲ್ಲರೂ ಒಪ್ತಾರೆ. ನಾವು ಮಾತಾಡದೇ ಇರೋ ಇನ್ನೊಂದು ಸಾಲ ಇದೆ. ಎಷ್ಟೋ ಮನೆಗಳಲ್ಲಿ ಅಕ್ಕ ಏಳನೇ ತರಗತಿಗೆ ಶಾಲೆ ಬಿಟ್ಟು ಮನೆ, ದನ, ಕೂಸು ನೋಡಿಕೊಂಡಿದ್ದರಿಂದ ತಮ್ಮ ಎಂಜಿನಿಯರಾದ. ಹಿಂದಿನ ಬೆಂಚು ಖಾಲಿಯಾದ ವರ್ಷ ಗಣಿತದ ಸರ್‌ಗೆ ಮುಂದಿನ ಬೆಂಚಿನವರ ಮೇಲೆ ಹೆಚ್ಚು ಗಮನ ಕೊಡಲಿಕ್ಕೆ ಆಯ್ತು. ಸರ್ಕಾರಿ ಶಾಲೆಯ ಸಂಬಳ ಬಂದಿದ್ದು ಎಲ್ಲರ ತೆರಿಗೆಯಿಂದ, ಬಿಟ್ಟುಹೋದ ಹುಡುಗನ ಅಪ್ಪ ಕೊಂಡ ಸಕ್ಕರೆ ಸೋಪಿನ ಮೇಲಿನ ತೆರಿಗೆಯೂ ಅದರಲ್ಲಿತ್ತು. ನಾವು ಗೆದ್ದದ್ದರಲ್ಲಿ ಅವರ ಪಾಲಿದೆ. ಶಾಲೆಗೆ ಋಣಿ ಅಂತ ಹೇಳಿ ಅವರನ್ನ ಪಟ್ಟಿಯಿಂದ ಬಿಟ್ಟರೆ, ಸಾಲ ಕೊಟ್ಟವರಲ್ಲಿ ಅರ್ಧ ಜನರ ಹೆಸರು ಅಳಿಸಿ ಲೆಕ್ಕ ಚುಕ್ತಾ ಅಂದಂಗಾಯ್ತು.

ನಿಜವಾದ ತೊಡಕು ಒಂದಿದೆ. ಕರೆದರೆ ಅವರಿಗೆ ಮುಜುಗರ ಆಗಲ್ವಾ? ಎಲ್ಲರೂ ‘ಈಗ ಎಲ್ಲಿದ್ದೀಯೋ, ಪ್ಯಾಕೇಜ್ ಎಷ್ಟು?’ ಅಂತ ಕೇಳೋ ಜಾಗಕ್ಕೆ ಗೌಂಡಿ ಕೆಲಸದವನು ಯಾಕೆ ಬರ್ತಾನೆ? ಈ ಮಾತಿನಲ್ಲಿ ಕಾಳಜಿ ಇದೆ, ಅದರ ಹಿಂದೆ ನಮ್ಮ ಅನುಕೂಲವೂ ಅಡಗಿದೆ. ಮುಜುಗರ ಹುಟ್ಟೋದು ಅವನ ಕೆಲಸದಿಂದಲ್ಲ, ನಾವು ಸಮ್ಮಿಲನ ಜೋಡಿಸಿರೋ ರೀತಿಯಿಂದ. ಉದ್ಯೋಗ ಖಾತ್ರಿ ಕೂಲಿ ಕರ್ನಾಟಕದಲ್ಲಿ 2025–26ಕ್ಕೆ ದಿನಕ್ಕೆ 370 ರೂಪಾಯಿ ಇತ್ತು. ಎರಡು ಸಾವಿರದ ವಂತಿಗೆ ಅಂದರೆ ಐದು ದಿನಕ್ಕೂ ಮಿಕ್ಕಿದ ದುಡಿಮೆ. ಮೆಸೇಜು ‘ಬಾ’ ಅಂತಿದೆ, ವಂತಿಗೆ ‘ಬರಬೇಡ’ ಅಂತಿದೆ. ವಂತಿಗೆ ಕಡ್ಡಾಯ ಮಾಡದೆ, ಯಾರು ಎಷ್ಟು ಕೊಟ್ಟರು ಅಂತ ಗ್ರೂಪಿನಲ್ಲಿ ಪಟ್ಟಿ ಹಾಕದೆ, ಖಜಾಂಚಿಗೆ ಮಾತ್ರ ಗೊತ್ತಿರೋ ಹಾಗೆ ಮಾಡಿದರೆ ಅರ್ಧ ಮುಜುಗರ ಅಲ್ಲೇ ಹೋಗುತ್ತೆ. ಅಷ್ಟಾದ ಮೇಲೂ ಬರಲ್ಲ ಅಂದರೆ ಅದು ಅವನ ತೀರ್ಮಾನ. ಅವನ ಪರವಾಗಿ ನಾವೇ ತೀರ್ಮಾನ ಮಾಡಿಬಿಡೋದು ಬೇರೆ ವಿಷಯ.

ಸಂಗ್ರಹವಾದ ದುಡ್ಡು ಸಾಮಾನ್ಯವಾಗಿ ಎಲ್ಲಿಗೆ ಹೋಗುತ್ತೆ? ಗೇಟು, ರಂಗಮಂಟಪ, ನೀರಿನ ಫಿಲ್ಟರು, ಅದರ ಮೇಲೆ ದಾನಿಗಳ ಹೆಸರಿನ ಕಲ್ಲು. ಬೇಕಾದ್ದೇ, ಇಲ್ಲ ಅನ್ನೋದಿಲ್ಲ. ಆದರೆ ಬೀದರ ನಗರದವರು ದಿನಾ ಮಹಮೂದ್ ಗವಾನನ ಮದರಸಾ ಮುಂದೆ ಓಡಾಡ್ತಾರೆ. 1472ರ ಸುಮಾರಿಗೆ ಎದ್ದ ಕಟ್ಟಡ, ದೂರದೂರಿನಿಂದ ವಿದ್ವಾಂಸರು ಬಂದ ಜಾಗ. ಗವಾನನಿಗೆ 1481ರಲ್ಲಿ ಮರಣದಂಡನೆ ಆಯ್ತು, ಮದ್ದಿನ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗವೇ ಹೋಯ್ತು, ಉಳಿದ ಮಿನಾರು ಈಗಲೂ ಚಂದ. ಗೈಡು ಕಟ್ಟಿಸಿದವನ ಹೆಸರು ಹೇಳ್ತಾನೆ. ಅಲ್ಲಿ ಓದಿದ ಹುಡುಗರ ಹೆಸರು ಯಾರೂ ಹೇಳೋದಿಲ್ಲ. ಕಟ್ಟಡ ಉಳಿದಷ್ಟು ಮಾತ್ರಕ್ಕೆ ಶಾಲೆ ಉಳೀತು ಅಂತ ಆಗಲ್ಲ.

ಅಮೆರಿಕದ ವಿಲಿಯಮ್ಸ್ ಕಾಲೇಜಿನಲ್ಲಿ 1821ರಲ್ಲಿ ಶುರುವಾದ ಹಳೆಯ ವಿದ್ಯಾರ್ಥಿಗಳ ಸಂಘವನ್ನ ಈ ಬಗೆಯ ಸಂಘಗಳಲ್ಲಿ ಅತ್ಯಂತ ಹಳೆಯದು ಅಂತಾರೆ. ಅವರು ಸೇರಿದ್ದು ಊಟಕ್ಕಲ್ಲ. ಕಾಲೇಜಿನ ಅಧ್ಯಕ್ಷರೇ ಒಂದಷ್ಟು ವಿದ್ಯಾರ್ಥಿಗಳನ್ನ ಕರೆದುಕೊಂಡು ಬೇರೆ ಊರಿಗೆ, ಆಮ್‌ಹರ್ಸ್ಟಿಗೆ, ಹೊರಟುಬಿಟ್ಟಿದ್ದರು. ಕಾಲೇಜು ಮುಚ್ಚೋ ಹಂತದಲ್ಲಿತ್ತು. ಅಂದರೆ ಈ ಸಂಘಗಳ ಮೂಲದಲ್ಲೇ ‘ಇನ್ನುಮುಂದೆ ಇಲ್ಲಿ ಮಕ್ಕಳು ಇರ್ತಾರಾ?’ ಅನ್ನೋ ಪ್ರಶ್ನೆ ಇದೆ. ನಮ್ಮ ಕಡೆ ಮಕ್ಕಳಿಲ್ಲ ಅಂತ ಸರ್ಕಾರಿ ಶಾಲೆಗಳು ಸೊರಗ್ತಿರೋ ಕಾಲದಲ್ಲಿ ಅದೇ ಪ್ರಶ್ನೆ ನಮ್ಮದೂ ಹೌದು.

ಹಾಗಂತ ಸರ್ಕಾರ ಮಾಡಬೇಕಾದ್ದನ್ನೆಲ್ಲ ಸಂಘ ಹೊತ್ತುಕೊಳ್ಳಬೇಕಾ? ಟೀಚರ್ ಹುದ್ದೆ ಖಾಲಿ ಇದೆ, ನಾವೇ ದುಡ್ಡು ಹಾಕಿ ಒಬ್ಬರನ್ನ ಇಡೋಣ ಅನ್ನೋ ಮಾತು ಬರುತ್ತೆ. ಒಂದು ವರ್ಷದ ಮಕ್ಕಳಿಗೆ ಅದರಿಂದ ಉಪಕಾರ ಆಗುತ್ತೆ, ಮಾಡಲಿ. ಅದರ ಜೊತೆಗೇ ಬಿಇಒ ಕಚೇರಿಗೆ ಅರ್ಜಿಯೂ ಹೋಗಬೇಕು, ಪ್ರತಿ ತಿಂಗಳು ಹೋಗಬೇಕು. ಎಸ್‌ಡಿಎಂಸಿಯಲ್ಲಿ ಇರೋ ಪಾಲಕರು ದಿನಗೂಲಿ ಬಿಟ್ಟು ಕಚೇರಿ ಅಲೆಯಲಾರರು, ಅಲೆದರೂ ‘ನಾಳೆ ಬಾ’ ಅನ್ನಿಸಿಕೊಳ್ತಾರೆ. ನಮ್ಮ ಬ್ಯಾಚಿನ ವಕೀಲ, ಪತ್ರಕರ್ತ, ತಹಸೀಲ್ದಾರ ಜೊತೆಗೆ ನಿಂತರೆ ಅದೇ ಕಚೇರಿ ‘ಕೂಡ್ರಿ ಸರ್’ ಅನ್ನುತ್ತೆ. ಇದು ಅನ್ಯಾಯ ಹೌದು. ಸದ್ಯಕ್ಕೆ ಶಾಲೆಗೆ ನಾವು ಕೊಡಬಹುದಾದ ದೊಡ್ಡ ಕಾಣಿಕೆಯೂ ಅದೇ ಇರಬಹುದು.

ಬಿಟ್ಟುಹೋದವರಿಗೂ ಮಾಡಲಿಕ್ಕೆ ಕೆಲಸ ಇದೆ. ಎಸ್ಸೆಸ್ಸೆಲ್ಸಿಯನ್ನ ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು, ವಯಸ್ಸಾಯ್ತು ಅಂತ ಯಾರೂ ತಡೆಯಲ್ಲ. ಅರ್ಜಿ ಯಾವಾಗ, ಫೀ ಎಷ್ಟು, ಹಳೆಯ ಟಿಸಿ ಎಲ್ಲಿ ಸಿಗುತ್ತೆ ಅಂತ ಹೇಳೋರು ಬೇಕು. 2013ರಲ್ಲಿ ಜಾರಿಗೆ ಬಂದ 371(ಜೆ) ಮೀಸಲಾತಿಗೆ, ಜಾತಿ ಪ್ರಮಾಣಪತ್ರಕ್ಕೆ, ಹುಟ್ಟಿದ ದಿನಾಂಕಕ್ಕೆ ಜನ ಮತ್ತೆ ಮತ್ತೆ ಬರೋದು ಶಾಲೆಯ ಅದೇ ರಿಜಿಸ್ಟರಿಗೆ. ನಿಜಾಮರ ಕಾಲದ ಹಳೆಯ ಕಡತವಾದರೆ ಬರಹ ಉರ್ದು, ವರ್ಷ ಫಸಲಿ ಲೆಕ್ಕ. ಓದಿ ಹೇಳೋ ಹಿರಿಯರೊಬ್ಬರನ್ನ ಹುಡುಕಿ ಕರೆತರೋದೂ ಸೇವೆಯೇ. ಗುರುವಂದನೆಯ ಬ್ಯಾನರಿನಲ್ಲಿ ಇದ್ಯಾವುದೂ ಕಾಣಿಸೋದಿಲ್ಲ.

ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಹನ್ನೆರಡನೇ ಶತಮಾನದ ಶರಣರು ದಾನ ಮತ್ತು ದಾಸೋಹದ ನಡುವೆ ಗೆರೆ ಎಳೆದ ಜಾಗ ಅದು. ದಾನದಲ್ಲಿ ಕೊಡೋನ ಕೈ ಮೇಲಿರುತ್ತೆ. ದಾಸೋಹದಲ್ಲಿ ಕೊಡೋನು ತನ್ನನ್ನ ದಾಸ ಅಂದುಕೊಳ್ತಾನೆ, ಕೊಟ್ಟಿದ್ದು ತನ್ನದೇ ಅಂತ ಹೇಳಿಕೊಳ್ಳೋದಿಲ್ಲ. ಐವತ್ತು ಸಾವಿರ ಕಳಿಸಿ ಕಲ್ಲಿನ ಮೇಲೆ ಹೆಸರು ಕೇಳೋರಿಗಿಂತ, ಭಾನುವಾರ ಬೈಕಿಗೆ ಪೆಟ್ರೋಲು ಹಾಕಿಸಿಕೊಂಡು ಹಳೆಯ ಹುಡುಗನೊಬ್ಬನ ಮನೆ ಹುಡುಕ್ತಾ ತಾಂಡಾಕ್ಕೆ ಹೋಗೋ ಕಾರ್ಯದರ್ಶಿ ಆ ಮಾತಿಗೆ ಹತ್ತಿರ ಇದ್ದಾನೆ.

ದೂರದಲ್ಲಿರೋ ನಮ್ಮ ಪಾಲೇನು? ಮುಂದಿನ ಸಲ ಆ ಮೆಸೇಜು ಬಂದಾಗ ಯುಪಿಐ ಒತ್ತೋ ಮೊದಲು ಒಂದು ಉತ್ತರ ಬರೀರಿ: ‘ಅಣ್ಣಾ, ನಮ್ಮ ವರ್ಷದ ರಿಜಿಸ್ಟರಿನಲ್ಲಿ ಎಷ್ಟು ಹೆಸರು ಇದಾವ್ರಿ? ಹೆಡ್‌ಮಾಸ್ತರ್ ಒಪ್ಪಿದರೆ ಹೆಸರು ಬರಕೊಂಡು ಕಳಸ್ರಿ. ಹತ್ತು ಜನರನ್ನ ಹುಡುಕೋದು ನನ್ನ ಕಡೆ ಇರಲಿ.’ ಆಮೇಲೆ ನಾಲ್ಕು ಸಂಜೆ ಫೋನ್ ಹಿಡಿದು ಕೂಡಬೇಕಾಗುತ್ತೆ. ಒಬ್ಬರ ನಂಬರು ಸಿಗಲ್ಲ, ಒಬ್ಬರು ತೀರಿಹೋಗಿರ್ತಾರೆ, ಒಬ್ಬರು ‘ಯಾರು ನೀವು?’ ಅಂತಾರೆ. ‘ನಾನೂ ಅದೇ ಸಾಲ್ಯಾಗ ಓದೀನ್ರಿ’ ಅನ್ನಿ. ಮಾತು ಅಲ್ಲಿಂದ ಶುರುವಾಗುತ್ತೆ.