ಮೂವತ್ತೈದರ ಗೆರೆ

2023ರಲ್ಲಿ ಎಸ್ಸೆಸ್ಸೆಲ್ಸಿ ಬರೆದ ಕರ್ನಾಟಕದ ಮಕ್ಕಳಲ್ಲಿ ಶೇ 83.89ರಷ್ಟು ಮಂದಿ ಪಾಸಾದರು. ಮರುವರ್ಷ ಅದು ಶೇ 73.40ಕ್ಕೆ ಇಳಿಯಿತು. ಹತ್ತು ಅಂಶದ ಕುಸಿತ ತಾನೇ ಎಂದುಕೊಂಡರೆ ಕಥೆ ಅರ್ಧವೇ ಆಯಿತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದಿತ್ತು. ಎಲ್ಲೋ ಕಚೇರಿಯಲ್ಲಿ ಕುಳಿತವರು ವೆಬ್‌ಕಾಸ್ಟಿಂಗ್ ಮೂಲಕ ಬೆಂಚು ಬೆಂಚನ್ನೂ ನೋಡಬಹುದಾಗಿತ್ತು. ನಕಲು ಬಹುಮಟ್ಟಿಗೆ ನಿಂತಿತು. ಮೌಲ್ಯಮಾಪನ ಮುಗಿದಾಗ ಪಾಸಾಗುವವರ ಪ್ರಮಾಣ ಐವತ್ತರ ಚಿಲ್ಲರೆಯಲ್ಲೇ ನಿಲ್ಲುವಂತಿತ್ತು. ಆಗ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಲಾಯಿತು. ಅದಕ್ಕೆ ಅರ್ಹರಾಗಲು ಬೇಕಿದ್ದ ಶೇ 35 ಅಂಕವನ್ನು ಶೇ 25ಕ್ಕೆ ಇಳಿಸಲಾಯಿತು. ಹೀಗೆ ಹುಟ್ಟಿದ ಸಂಖ್ಯೆ 73.40. ಅದರ ದಶಮಾಂಶದ ಬಿಂದುವಿನ ನಂತರವೂ ಎರಡು ಅಂಕಿ ಇವೆ, ನೋಡಿ.

ಈ ಎರಡು ವರ್ಷಗಳ ನಡುವೆ ನಮ್ಮ ಹದಿನೈದು ವರ್ಷದ ಮಕ್ಕಳ ತಲೆಯೊಳಗೆ ಏನಾಯಿತು? ಹೇಳಿಕೊಳ್ಳುವಂಥದ್ದೇನೂ ಆಗಿರಲಾರದು. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ್ದರ ನಷ್ಟ ಎರಡೂ ತಂಡಗಳಿಗೆ ತಟ್ಟಿತ್ತು. ಪಠ್ಯ, ಮೇಷ್ಟ್ರು, ಖಾಲಿ ಬಿದ್ದ ಹುದ್ದೆಗಳು, ಊರಿನ ಬಸ್ಸು ಎಲ್ಲವೂ ಹೆಚ್ಚು ಕಡಿಮೆ ಹಾಗೆಯೇ ಇದ್ದವು. ಬದಲಾದದ್ದು ಕೊಠಡಿಯ ಮೇಲಿನ ಕಣ್ಣು, ಆಮೇಲೆ ಒಂದು ಆದೇಶ. ಆದರೂ ಅಂಕಪಟ್ಟಿಯ ಮೇಲಿರುವುದು ಮಗುವಿನ ಹೆಸರೊಂದೇ. ಆ ಅಂಕವನ್ನು ಹುಟ್ಟಿಸಿದ ಪ್ರಶ್ನೆಪತ್ರಿಕೆ, ಮೇಲ್ವಿಚಾರಕರು, ಮೌಲ್ಯಮಾಪಕರು, ಸರ್ಕಾರ ಇವರಾರ ಹೆಸರೂ ಅಲ್ಲಿಲ್ಲ. ಅಂಕ ಮಗುವಿನೊಳಗೆ ಮೊದಲೇ ಇತ್ತು, ಪರೀಕ್ಷೆ ಅದನ್ನು ಹೊರತೆಗೆಯಿತಷ್ಟೇ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಕೂತಿದೆ. ಆ ನಂಬಿಕೆ ತಪ್ಪು ಎಂಬುದು ನನ್ನ ವಾದ. ಆದರೆ ಪರೀಕ್ಷೆಯೇ ಬೇಡ ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ; ಕಾರಣ ಮುಂದೆ ಹೇಳುತ್ತೇನೆ.

ಮೊದಲು ತಿದ್ದುವ ಕೈಯ ವಿಚಾರ. 1910ರ ದಶಕದ ಆರಂಭದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬ ಇಬ್ಬರು ಒಂದೇ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಗೆ ಕಳುಹಿಸಿ ತಿದ್ದಿಸಿದರು. ಇಂಗ್ಲಿಷ್ ಪ್ರಬಂಧಕ್ಕೆ ಒಬ್ಬೊಬ್ಬರು ಒಂದೊಂದು ಅಂಕ ಕೊಟ್ಟಾಗ ಯಾರಿಗೂ ಅಚ್ಚರಿಯಾಗಲಿಲ್ಲ. ಭಾಷೆ ತಾನೇ, ರುಚಿ ಬೇರೆ ಬೇರೆ. ಸರಿ, ಹಾಗಾದರೆ ರೇಖಾಗಣಿತ ಎಂದು ಅದನ್ನೂ ಕಳುಹಿಸಿದರು. ಅಲ್ಲಿ ಅಂಕಗಳು 28ರಿಂದ 95ರವರೆಗೆ ಚೆಲ್ಲಾಡಿದವು. ಒಬ್ಬರು ಅಂದಗೆಟ್ಟ ಬರಹಕ್ಕೆ ಕಡಿದರು, ಇನ್ನೊಬ್ಬರು ಕಡಿಯಲಿಲ್ಲ. ಒಬ್ಬರಿಗೆ ಹಂತಗಳು ಮುಖ್ಯ, ಇನ್ನೊಬ್ಬರಿಗೆ ಕೊನೆಯ ಉತ್ತರ. ಇಂದಿನ ಮೌಲ್ಯಮಾಪನ ಕೇಂದ್ರಗಳಲ್ಲಿ ಮಾದರಿ ಉತ್ತರವಿದೆ, ಹಂತಕ್ಕಿಷ್ಟು ಅಂಕವೆಂಬ ನಿಯಮವಿದೆ. ಈ ಅಂತರ ಅಷ್ಟು ದೊಡ್ಡದಾಗಲಾರದು. ಆದರೆ ಸೊನ್ನೆಯಾಗಿಯೂ ಇಲ್ಲ. ಪ್ರತಿ ವರ್ಷ ಮರುಮೌಲ್ಯಮಾಪನಕ್ಕೆ ಹಾಕಿದವರಲ್ಲಿ ಹಲವರ ಅಂಕಗಳು ಏರುವುದು ನಮಗೆಲ್ಲ ಗೊತ್ತು. ಶುಲ್ಕ ಕಟ್ಟಿ ಕೇಳದವರ ಪತ್ರಿಕೆಯಲ್ಲೂ ಇಂಥದ್ದು ಇದ್ದಿರಬಹುದೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹೂವಾಡಗಿತ್ತಿಯ ಮೊಳ ಅವಳ ತೋಳಿನಷ್ಟು ಉದ್ದ ಎಂದು ತಿಳಿದೇ ನಾವು ಕೊಳ್ಳುತ್ತೇವೆ. ಅಂಕದ ಮೊಳಕ್ಕೆ ಆ ರಿಯಾಯಿತಿ ಕೊಡುವುದಿಲ್ಲ: 2025ರವರೆಗೆ 34 ಎಂದರೆ ಫೇಲು, 35 ಎಂದರೆ ಪಾಸು ಎಂದಿತ್ತು.

ಎರಡನೆಯದು ಹೋಲಿಕೆ. ನ್ಯೂಜೆರ್ಸಿಯಲ್ಲೋ ಫ್ರೀಮಾಂಟ್‌ನಲ್ಲೋ ಇರುವ ನಮ್ಮವರ ಮನೆಗೆ ಮಗುವಿನ ಪರೀಕ್ಷಾ ವರದಿ ಬಂದಾಗ ಅದರಲ್ಲಿ ಪರ್ಸೆಂಟೈಲ್ ಎಂಬ ಸಂಖ್ಯೆ ಇರುತ್ತದೆ. ಇಲ್ಲಿ ನೂರಕ್ಕಿಷ್ಟು ಎಂದು ಲೆಕ್ಕ ಹಾಕಿ ಬೆಳೆದ ತಂದೆತಾಯಿಗೆ 60 ಎಂದು ಕಂಡರೆ ಎದೆ ಧಸಕ್ಕೆನ್ನುತ್ತದೆ, ಅರವತ್ತೇ ಬಂತೇ ಎಂದು. ಆ ಮಗು ಹೋಲಿಕೆಯ ಗುಂಪಿನ ನೂರು ಮಕ್ಕಳಲ್ಲಿ ಸುಮಾರು ಅರವತ್ತು ಮಂದಿಗಿಂತ ಮುಂದಿದೆ ಎಂದಷ್ಟೇ ಅದರ ಅರ್ಥ. ಎಷ್ಟು ಪ್ರಶ್ನೆಗೆ ಸರಿಯುತ್ತರ ಬರೆಯಿತು ಎಂಬುದನ್ನು ಆ ಸಂಖ್ಯೆ ಹೇಳುವುದೇ ಇಲ್ಲ. ಅದಕ್ಕಿಂತ ಮೋಸದ್ದು ಗ್ರೇಡ್ ಈಕ್ವಿವಲೆಂಟ್. ಮೂರನೇ ತರಗತಿಯ ಹುಡುಗಿಯ ಗಣಿತದ ಮುಂದೆ 5.2 ಎಂದಿದ್ದರೆ, ಐದನೇ ತರಗತಿಯ ಗಣಿತ ಅವಳಿಗೆ ಬರುತ್ತದೆ, ಎರಡು ತರಗತಿ ಹಾರಿಸಿಬಿಡೋಣ ಎಂದು ಹೊರಡುವವರಿದ್ದಾರೆ. ಐದನೇ ತರಗತಿಯ ಎರಡನೇ ತಿಂಗಳಿನಲ್ಲಿರುವ ಸಾಧಾರಣ ವಿದ್ಯಾರ್ಥಿಯನ್ನು ಕೂರಿಸಿ ಅವಳ ಮೂರನೇ ತರಗತಿಯ ಪತ್ರಿಕೆಯನ್ನೇ ಬರೆಸಿದರೆ ಎಷ್ಟು ಬರುತ್ತಿತ್ತೋ ಅಷ್ಟು ಅವಳಿಗೆ ಬಂದಿದೆ, ಅಷ್ಟೇ. ಭಿನ್ನರಾಶಿಯ ಭಾಗಾಕಾರವನ್ನು ಆ ಪತ್ರಿಕೆ ಅವಳಿಗೆ ಕೇಳಿಯೇ ಇಲ್ಲ.

ಹೋಲಿಕೆಯ ಗುಂಪು ಯಾವುದು ಎಂದು ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು 1987ರಲ್ಲಿ ತೋರಿಸಿಕೊಟ್ಟವನು ಶಿಕ್ಷಣತಜ್ಞನಲ್ಲ, ವೆಸ್ಟ್ ವರ್ಜೀನಿಯಾದ ವೈದ್ಯ ಜಾನ್ ಜೇಕಬ್ ಕ್ಯಾನೆಲ್. ಅಮೆರಿಕದ ಐವತ್ತು ರಾಜ್ಯಗಳ ಪ್ರಾಥಮಿಕ ಶಾಲೆಗಳ ಫಲಿತಾಂಶ ಕೂಡಿಹಾಕಿ ನೋಡಿದರೆ ಐವತ್ತೂ ರಾಜ್ಯಗಳು ರಾಷ್ಟ್ರದ ಸರಾಸರಿಗಿಂತ ಮೇಲಿದ್ದವು! ಎಲ್ಲರೂ ಸರಾಸರಿಗಿಂತ ಮೇಲಿರುವ ದೇಶ ಇರಲಾರದು. ಅವರು ಸರಾಸರಿ ಎನ್ನುತ್ತಿದ್ದದ್ದು ಎಷ್ಟೋ ವರ್ಷ ಹಿಂದೆ ಅದೇ ಪತ್ರಿಕೆ ಬರೆದಿದ್ದ ಬೇರೆ ಮಕ್ಕಳದ್ದು. ಅಷ್ಟರಲ್ಲಿ ಪ್ರಶ್ನೆಗಳು ಶಾಲೆಗಳಿಗೆ ಪರಿಚಿತವಾಗಿದ್ದವು, ಪಾಠವೂ ಅದಕ್ಕೆ ತಕ್ಕಂತೆ ಬಾಗಿತ್ತು.

ಈ ಬಾಗುವಿಕೆ ನಮಗೆ ಹೊಸದಲ್ಲ. ಫಲಿತಾಂಶದ ದಿನ ಜಿಲ್ಲೆಗಳ ಪಟ್ಟಿ ಬರುತ್ತದೆ. 2023ರಲ್ಲಿ ಚಿತ್ರದುರ್ಗ ಮೊದಲು. ಮರುವರ್ಷ ಅದು ಎಷ್ಟೋ ಮೆಟ್ಟಿಲು ಕೆಳಗಿಳಿದು ಉಡುಪಿ ಮೊದಲಾಯಿತು. ಎರಡೂ ವರ್ಷ ಯಾದಗಿರಿ ಕೊನೆ. ಪಟ್ಟಿ ಬಂದ ಮೇಲೆ ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐ ತಾಲ್ಲೂಕುಗಳ ಬಿಇಒಗಳನ್ನು ಕೇಳುತ್ತಾರೆ, ಬಿಇಒ ಮುಖ್ಯೋಪಾಧ್ಯಾಯರನ್ನು, ಅವರು ಗಣಿತದ ಮೇಷ್ಟ್ರನ್ನು. ಮೇಷ್ಟ್ರು ಜನವರಿಯ ಹೊತ್ತಿಗೆ ‘ಪಾಸಿಂಗ್ ಪ್ಯಾಕೇಜ್’ ಹೊರತೆಗೆಯುತ್ತಾರೆ: ಪ್ರಶ್ನೆಪತ್ರಿಕೆಯ ನೀಲನಕ್ಷೆ ನೋಡಿ, ಕಡಿಮೆ ಓದಿನಲ್ಲಿ ಪಾಸಿನ ಗೆರೆ ಮುಟ್ಟಿಸುವ ಅಧ್ಯಾಯಗಳನ್ನಷ್ಟೇ ಆರಿಸಿ, ಉಳಿದದ್ದು ಬಿಡು ಎನ್ನುವ ಪುಸ್ತಿಕೆ. ಮೇಷ್ಟ್ರನ್ನು ನಾನು ಬೈಯಲಾರೆ. ಅಂಕಿಯ ಮೇಲೆ ಬಹುಮಾನ ಶಿಕ್ಷೆಗಳು ನಿಂತಷ್ಟೂ ಅಂಕಿ ಕೆಡುತ್ತದೆ, ಅದು ಅಳೆಯಬೇಕಿದ್ದ ಕೆಲಸವನ್ನೂ ಕೆಡಿಸುತ್ತದೆ ಎಂದು ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಬರೆದಿದ್ದ. ಆದರೆ ಆ ಪ್ಯಾಕೇಜಿನಿಂದ ಪಾಸಾದ ಹುಡುಗನ 36 ಅಂಕ, ಪೂರ್ತಿ ಪುಸ್ತಕ ಓದಿ ತಡವರಿಸಿದ ಹುಡುಗಿಯ 36 ಅಂಕ, ಇವೆರಡೂ ಒಂದೇ ಕಲಿಕೆಯ ಹೆಸರಲ್ಲ. ಸಂಖ್ಯೆ ಒಂದೇ ಆದ್ದರಿಂದ ವಸ್ತುವೂ ಒಂದೇ ಎಂದು ನಾವು ಭಾವಿಸಿಬಿಡುತ್ತೇವೆ.

ಪ್ರಥಮ್ ಸಂಸ್ಥೆಯವರು 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯ ದಾರಿ ಬೇರೆ. ಸ್ವಯಂಸೇವಕರು ಹಳ್ಳಿಯ ಮನೆಗೇ ಹೋಗಿ ಮಗುವಿನ ಪಕ್ಕ ಕೂತು, ಅಕ್ಷರ, ಪದ, ಸಣ್ಣ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ ಹೀಗೆ ಓದಿಸುತ್ತಾರೆ. ಒಂದೆರಡು ಕಳೆಯುವ ಲೆಕ್ಕ, ಭಾಗಾಕಾರ ಮಾಡಿಸುತ್ತಾರೆ. ಅಂಕವಿಲ್ಲ, ಮಗು ಯಾವ ಮೆಟ್ಟಿಲಲ್ಲಿದೆ ಎಂಬುದಷ್ಟೇ. ಅದಕ್ಕೂ ಮಿತಿಯಿದೆ, ಮೆಟ್ಟಿಲುಗಳು ದಪ್ಪ. ಆದರೂ ಅಲ್ಲಿ ಕಾಣುವುದೊಂದು ನಮ್ಮ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. 41ರಿಂದ 13 ಕಳೆ ಎಂಬಂಥ ಲೆಕ್ಕ ಕೊಡಿ. ಒಂದು ಮಗು ಏನೂ ಬರೆಯುವುದಿಲ್ಲ. ಇನ್ನೊಂದು 32 ಎಂದು ಬರೆಯುತ್ತದೆ. ಬಿಡಿ ಸ್ಥಾನದಲ್ಲಿ ಒಂದರಿಂದ ಮೂರು ಹೋಗುವುದಿಲ್ಲವಲ್ಲ, ಹಾಗಾಗಿ ಮೂರರಿಂದ ಒಂದನ್ನು ಕಳೆದಿದೆ. ದಶಕ ತೆಗೆದುಕೊಳ್ಳುವುದು ಗೊತ್ತಿಲ್ಲ, ಆದರೆ ಕಳೆಯುವುದು ಗೊತ್ತು, ದೊಡ್ಡದರಿಂದ ಚಿಕ್ಕದನ್ನೇ ಕಳೆಯಬೇಕೆಂಬುದೂ ಗೊತ್ತು. ಮೂರನೆಯದು 29 ಎನ್ನುತ್ತದೆ: ದಶಕ ತೆಗೆದುಕೊಂಡಿದೆ, ಬೆರಳೆಣಿಕೆಯಲ್ಲಿ ಒಂದು ಜಾರಿದೆ. ಉತ್ತರ ಸರಿಯೋ ತಪ್ಪೋ ಎಂದಷ್ಟೇ ನೋಡುವ ಪತ್ರಿಕೆಯಲ್ಲಿ ಮೂವರಿಗೂ ಸೊನ್ನೆ. ಒಬ್ಬನಿಗೆ ಮೊದಲಿನಿಂದ ಕಲಿಸಬೇಕು, ಒಬ್ಬಳಿಗೆ ಕಡ್ಡಿಕಟ್ಟು ಹಿಡಿದು ಒಂದು ಮಧ್ಯಾಹ್ನ ಸಾಕು, ಇನ್ನೊಬ್ಬನಿಗೆ ನಿಧಾನಿಸು ಮಗಾ ಎಂದರೆ ಮುಗಿಯಿತು. ಮೇಷ್ಟ್ರಿಗೆ ಬೇಕಾದ ಈ ವಿಷಯವೆಲ್ಲ ಅಂಕ ಕೂಡುವಾಗಲೇ ಅಳಿಸಿಹೋಗುತ್ತದೆ.

ಹಾಗಾದರೆ ಪರೀಕ್ಷೆ ತೆಗೆದುಹಾಕಿ ಎನ್ನಬೇಕೆ? 2024ರಲ್ಲಿ 5, 8, 9ನೇ ತರಗತಿಗಳಿಗೂ ಪಬ್ಲಿಕ್ ಪರೀಕ್ಷೆ ಇಟ್ಟಾಗ ಅದು ಹೈಕೋರ್ಟ್ ಏಕಸದಸ್ಯ ಪೀಠದಲ್ಲಿ ಬಿದ್ದು, ವಿಭಾಗೀಯ ಪೀಠದಲ್ಲಿ ಎದ್ದು, ಸುಪ್ರೀಂ ಕೋರ್ಟ್‌ನಲ್ಲಿ ಫಲಿತಾಂಶಕ್ಕೆ ತಡೆ ಬಿತ್ತು. ಹತ್ತು ವರ್ಷದ ಮಗುವಿಗೆ ಅದು ಬೇಡವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಹತ್ತನೇ ತರಗತಿಯ ಮಾತು ಬೇರೆ. ಹೆಸರು ಕಾಣದ, ಮುಖ ಕಾಣದ, ಬೇರೆ ಊರಿನ ಒಬ್ಬರು ತಿದ್ದುವ ಉತ್ತರಪತ್ರಿಕೆ ಎಷ್ಟೋ ಮಕ್ಕಳಿಗೆ ಸಿಕ್ಕ ಮೊದಲ ನ್ಯಾಯ. ಇವಳು ಇಂಥವರ ಮನೆಯವಳು, ಇವಳಿಗೆಲ್ಲಿಂದ ಬರಬೇಕು ಎಂದು ತರಗತಿಯಲ್ಲೇ ತೀರ್ಪು ಕೊಟ್ಟವರ ಬಾಯಿ ಮುಚ್ಚಿಸಿದ್ದು ಆ ಅಂಕಪಟ್ಟಿ. ಅಂಕವನ್ನು ಬಿಟ್ಟು ಶಿಕ್ಷಕರ ಅಭಿಪ್ರಾಯವನ್ನೇ ನಂಬೋಣ ಎನ್ನುವವರು ಈ ಇತಿಹಾಸವನ್ನು ಮರೆತಿರುತ್ತಾರೆ. ಪರೀಕ್ಷೆಯ ಈ ಗುಣ ಉಳಿಯಬೇಕಾದರೆ ಅದರ ಮಾತು ಎಲ್ಲಿಯವರೆಗೆ ಸಲ್ಲುತ್ತದೆ ಎಂದು ಒಪ್ಪಿಕೊಳ್ಳಬೇಕು. ಇಬ್ಬರ ನಡುವೆ ನೂರು ಅಂಕದ ಅಂತರವಿದ್ದರೆ ಅಂಕಪಟ್ಟಿ ನಂಬಲರ್ಹ ಸಾಕ್ಷಿ. ಒಂದು ಅಂಕದ ಅಂತರಕ್ಕೆ ಅದರ ಸಾಕ್ಷಿ ನಡೆಯುವುದಿಲ್ಲ.

ಗೆರೆಯ ವಿಷಯವಂತೂ ಸಾಕ್ಷಿಯದ್ದೇ ಅಲ್ಲ, ತೀರ್ಮಾನದ್ದು. 2025ರ ಅಕ್ಟೋಬರ್‌ನಲ್ಲಿ ಸರ್ಕಾರ 35ರ ಗೆರೆಯನ್ನು 33ಕ್ಕೆ ಇಳಿಸಿತು: 625ಕ್ಕೆ 206, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30. ಮೂವತ್ತಮೂರೂವರೆ ಬಂದ ಮಗು ಕಲಿತಿಲ್ಲ ಎಂದು ಹಿಂದಿನ ವರ್ಷ ಯಾರೂ ಕಂಡುಹಿಡಿದಿರಲಿಲ್ಲ. ಈಗ ಕಲಿತಿದೆ ಎಂದೂ ಯಾರೂ ಕಂಡುಹಿಡಿದಿಲ್ಲ. ಗೆರೆ ಎಳೆಯುವ ಅಧಿಕಾರ ಸರ್ಕಾರಕ್ಕಿದೆ, ಎಲ್ಲಾದರೊಂದು ಕಡೆ ಎಳೆಯಲೇಬೇಕು. ಆದರೆ ಗೆರೆಯ ಕೆಳಗೆ ಬಿದ್ದ ಮಗುವಿಗೆ ‘ನಿನಗೆ ಬರುವುದಿಲ್ಲ’ ಎಂದು ಹೇಳುವುದು ಒಂದು ಆದೇಶವನ್ನು ಮಗುವಿನ ಸ್ವಭಾವವೆಂದು ಓದಿಹೇಳಿದಂತೆ.

ಈ ಓದು ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ನೇಮಕಾತಿ ನೋಡಬೇಕು. ಅದಕ್ಕೆ ಬೇರೆ ಪರೀಕ್ಷೆಯಿಲ್ಲ. ಹತ್ತನೇ ತರಗತಿಯ ಅಂಕಗಳನ್ನು ಶೇಕಡಾವಾರಿಗೆ ತಂದು, ನಾಲ್ಕು ದಶಮಾಂಶ ಸ್ಥಾನದವರೆಗೆ ಲೆಕ್ಕಹಾಕಿ ಪಟ್ಟಿ ಮಾಡುತ್ತಾರೆ. ಆ ಪಟ್ಟಿಯಲ್ಲಿ ಕ್ಯಾಮೆರಾ ಇಲ್ಲದ ವರ್ಷ ಬರೆದವರೂ ಕ್ಯಾಮೆರಾ ಬಂದ ವರ್ಷ ಬರೆದವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಯಾವ ವರ್ಷದ ಅಂಕ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ದಶಮಾಂಶದಲ್ಲಿ ಮುಂದಿದ್ದವನಿಗೆ ಊರಿನ ಅಂಚೆಚೀಲ ಸಿಗುತ್ತದೆ.