ಹೆಸರಿನ ಹೊಣೆ

ಒಬ್ಬನ ಹೆಸರನ್ನು ಮತ್ತೊಬ್ಬನು ಕದ್ದು, ಆ ಹೆಸರಿನಿಂದ ಮೂರನೆಯವನನ್ನು ವಂಚಿಸಿದರೆ, ಹೆಸರಿನ ಒಡೆಯನಿಗೆ ಅದರಲ್ಲಿ ಏನಾದರೂ ಹೊಣೆಯುಂಟೇ? ಪ್ರಶ್ನೆಯು ಹಳೆಯದು. ಇ-ಮೇಲ್ ಎಂಬ ವಿದ್ಯುದಂಚೆಯು ಮನೆಮನೆಯನ್ನು ಹೊಕ್ಕ ಮೇಲೆ ಅದಕ್ಕೆ ಹೊಸ ಮೊನೆ ಬಂದಿದೆ.

ನಮ್ಮ ಸೀಮೆಯ ವಾಚಕರಿಗೆ ಈ ವಿಚಾರವು ಅಪರಿಚಿತವಲ್ಲ. ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಇರುವ ಅಶೋಕನ ಶಾಸನಗಳು 1931ರಲ್ಲಿ ಬೆಳಕಿಗೆ ಬಂದುವು. ಅವುಗಳಲ್ಲಿ ಅರಸನು ತನ್ನನ್ನು ದೇವಾನಾಂಪ್ರಿಯನೆಂದು ಮಾತ್ರವೇ ಕರೆದುಕೊಂಡಿರುವನು. ಅದು ಬಿರುದು, ಹೆಸರಲ್ಲ. 1837ರಲ್ಲಿ ಬ್ರಾಹ್ಮೀಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ಪನು ಈ ಬಿರುದು ಸಿಂಹಳದ ದೊರೆಯದೆಂದೇ ಮೊದಲು ಬಗೆದನು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನೆಂಬ ಹೆಸರೇ ದೊರೆತು ಸಂದೇಹವು ತೀರಿತು. ಬ್ರಹ್ಮಗಿರಿಯ ಶಾಸನವಾದರೋ, ತಾನು ಸುವರ್ಣಗಿರಿಯಿಂದ ಆರ್ಯಪುತ್ರನ ಹಾಗೂ ಮಹಾಮಾತ್ರರ ಮಾತಿನಂತೆ ಇಸಿಲದ ಮಹಾಮಾತ್ರರಿಗೆ ಬಂದುದೆಂದು ಮೊದಲಿಗೇ ತಿಳಿಸಿ, ಕಡೆಗೆ ಚಪಡನೆಂಬ ಲಿಪಿಕಾರನನ್ನು ಹೆಸರಿಸುತ್ತದೆ. (ಆ ಸುವರ್ಣಗಿರಿಯು ನಮ್ಮ ಕನಕಗಿರಿಯೇ ಎಂದು ಕೆಲವು ವಿದ್ವಾಂಸರ ಮತ. ನೆರೆಯೂರಿನ ಅಭಿಮಾನವು ಅದನ್ನು ಒಪ್ಪೆಂದು ನಮ್ಮನ್ನು ಒತ್ತಾಯಿಸುವದು. ಅಭಿಮಾನವು ಪ್ರಮಾಣವಲ್ಲವೆಂಬುದನ್ನೂ ಬಲ್ಲೆವು.) ಎಲ್ಲಿಂದ, ಯಾರ ಮೂಲಕ, ಯಾರ ಕೈಯಿಂದ ಎಂಬುದನ್ನು ಹೇಳದ ಸಂದೇಶವು ರಾಜಾಜ್ಞೆಯಾಗಲಾರದೆಂದು ಅಂದಿನವರು ಅರಿತಿದ್ದರು.

ಆನೆಗೊಂದಿಯ ಎದುರು ದಡದಿಂದ ಆಳಿದ ವಿಜಯನಗರದರಸರು ಸಂಸ್ಕೃತದ ತಾಮ್ರಪಟಗಳ ಕೊನೆಗೆ ಕನ್ನಡಕ್ಷರಗಳಲ್ಲಿ ಶ್ರೀ ವಿರೂಪಾಕ್ಷ ಎಂದು ಒಪ್ಪ ಹಾಕಿಸುತ್ತಿದ್ದರು. ಖೊಟ್ಟಿ ಪಟಗಳೂ ನಾಡಿನಲ್ಲಿ ಹುಟ್ಟದೆ ಇರಲಿಲ್ಲ. ಗಂಗರ ಹೆಸರಿನ ಹಲವು ದಾನಪತ್ರಗಳನ್ನು ಫ್ಲೀಟರು ಕೂಟಶಾಸನಗಳೆಂದು ತಳ್ಳಿಹಾಕಿದರು. ಕೂಟಶಾಸನ ಮಾಡುವವನಿಗೆ ಮನುಸ್ಮೃತಿಯು ವಧದಂಡವನ್ನೇ ವಿಧಿಸಿದೆ. ಮುದ್ರೆಯನ್ನು ಸಡಿಲವಾಗಿರಿಸಿದವನ ಗತಿಯೇನು?

1982ರಲ್ಲಿ ವಿದ್ಯುದಂಚೆಯ ನಿಯಮಗಳನ್ನು ಬರೆದವರು ಪರಸ್ಪರ ವಿಶ್ವಾಸವುಳ್ಳ ಸಣ್ಣ ವಿದ್ವತ್ಸಮೂಹದವರು. ಕಳುಹಿದವನ ಹೆಸರಿನ ಸಾಲಿನಲ್ಲಿ ಯಾರು ಯಾರ ಹೆಸರನ್ನು ಬರೆದರೂ ತಡೆಯುವ ಏರ್ಪಾಡು ಅದರಲ್ಲಿರಲಿಲ್ಲ. ಗಂಗಾವತಿಯ ಅಕ್ಕಿಗಿರಣಿಯೊಂದರ ಹೆಸರಿನಿಂದ ದೂರದೂರಿನ ವರ್ತಕನಿಗೆ ಪತ್ರವೊಂದು ಹೋಯಿತೆನ್ನೋಣ: "ನಮ್ಮ ಬ್ಯಾಂಕಿನ ಖಾತೆ ಬದಲಾಗಿದೆ, ಹಣವನ್ನು ಇದಕ್ಕೆ ಕಳುಹಿರಿ." ವರ್ತಕನು ಹಣ ಕಳೆದುಕೊಳ್ಳುವನು, ಗಿರಣಿಯವರು "ನಾವು ಬರೆದೇ ಇಲ್ಲ" ಎನ್ನುವರು. ಇಬ್ಬರ ಮಾತೂ ಸತ್ಯವೇ.

ಇದಕ್ಕೆ ಮೂರು ಉಪಾಯಗಳು ಬೆಳೆದು ಬಂದಿವೆ. ಎಸ್‌ಪಿಎಫ್ ಎಂಬುದು, ತನ್ನ ಪರವಾಗಿ ಯಾವ ಯಾವ ಯಂತ್ರಗಳು ಅಂಚೆ ಕಳುಹಬಹುದೆಂದು ಡೊಮೇನಿನ ಒಡೆಯನು ಬಹಿರಂಗವಾಗಿ ಸಾರಿಟ್ಟ ಪಟ್ಟಿ. ಆದರೆ ಅದು ನೋಡುವದು ಲಕೋಟೆಯನ್ನು; ಒಳಗೆ ಕಣ್ಣಿಗೆ ಕಾಣುವ ಹೆಸರನ್ನಲ್ಲ. ಡಿಕೆಐಎಂ ಎಂಬುದು ನಿಜವಾದ ಮೊಹರು: ಗುಪ್ತವಾದ ಕೀಲಿಯಿಂದ ಪತ್ರಕ್ಕೆ ಅಂಕಿತ ಹಾಕುವರು, ಸಾರ್ವಜನಿಕ ಕೀಲಿಯಿಂದ ಯಾರಾದರೂ ಅದನ್ನು ಪರೀಕ್ಷಿಸಬಹುದು, ಅಂಕಿತದೊಳಗಿನ ಒಂದಕ್ಷರ ಬದಲಾದರೂ ಮೊಹರು ಒಡೆಯುವದು. 2015ರಲ್ಲಿ ಪ್ರಕಟವಾದ ಡಿಮಾರ್ಕ್ ಎಂಬುದು, ಕಾಣುವ ಹೆಸರು ಇವೆರಡರಲ್ಲಿ ಒಂದರೊಡನಾದರೂ ಹೊಂದಲೇಬೇಕೆಂದು ವಿಧಿಸಿ, ಹೊಂದದ ಪತ್ರವನ್ನು ಸುಮ್ಮನೆ ಬಿಡಬೇಕೋ, ಪ್ರತ್ಯೇಕಿಸಬೇಕೋ, ತಿರಸ್ಕರಿಸಬೇಕೋ ಎಂಬುದನ್ನು ಒಡೆಯನ ಬಾಯಿಂದಲೇ ಹೇಳಿಸುವದು.

ಮೊಹರು ಪತ್ರದ ಸತ್ಯತೆಯನ್ನು ಸಾಧಿಸುವದಿಲ್ಲ, ಸುಳ್ಳುಗಾರನೂ ತನ್ನ ಪತ್ರಕ್ಕೆ ಯಥಾವಿಧಿಯಾಗಿ ಅಂಕಿತ ಹಾಕಬಹುದು. ಈ ಮಾತಿಗೆ ಹೊಣೆ ಯಾರೆಂಬುದನ್ನು ಮಾತ್ರ ಅದು ಸಾಧಿಸುವದು. ಹೀಗಿರಲಾಗಿ, ಮೊಹರು ಹಾಕಲು ಸಾಧನವಿದ್ದೂ ಹಾಕದವನು ತನ್ನ ಮಾತಿನಿಂದ ತಪ್ಪಿಸಿಕೊಳ್ಳುವ ದಾರಿಯನ್ನು ತೆರೆದಿಟ್ಟಂತಾಯಿತು. ಹೆಸರು ನನ್ನದಾದರೂ ಅದರ ಮೇಲಿನ ನಂಬಿಕೆಯು ಪರರದು, ನನ್ನಲ್ಲಿ ಇರಿಸಿದ ಒತ್ತೆ. ಒತ್ತೆಯ ಒಡವೆಯನ್ನು ಬೀದಿಯಲ್ಲಿಟ್ಟು "ಕದ್ದವನು ನಾನಲ್ಲ" ಎಂದರೆ ಧರ್ಮವು ಒಪ್ಪದು. ಅದು ಕಳ್ಳನ ಪಾಪದಷ್ಟು ದೊಡ್ಡದಲ್ಲ. ಇಲ್ಲವೆನ್ನುವಷ್ಟು ಸಣ್ಣದೂ ಅಲ್ಲ.

ಆದರೆ ಕುಷ್ಟಗಿಯ ಬೀಜದ ವ್ಯಾಪಾರಿಯೋ ಯಲಬುರ್ಗಿಯ ಶಾಲೆಯೋ ಈ ಪರಿಭಾಷೆಯನ್ನೆಲ್ಲ ಹೇಗೆ ಬಲ್ಲರು? ವರ್ಷಕ್ಕಿಷ್ಟೆಂದು ಹಣ ತೆತ್ತು ಡೊಮೇನನ್ನು ಬಾಡಿಗೆಯ ಯಂತ್ರದಲ್ಲಿರಿಸಿರುವರು. ಆ ಒಂದೇ ಯಂತ್ರದಲ್ಲಿ ನೂರಾರು ಡೊಮೇನುಗಳು ಒಕ್ಕಲಿರುವವು. ಪಟ್ಟಿಯಲ್ಲಿ ಯಂತ್ರದ ಹೆಸರು ಬರೆದರೆ ನೆರೆಯ ಒಕ್ಕಲಿಗೂ ಬಾಗಿಲು ತೆರೆದಂತೆ. ಒಬ್ಬ ಒಕ್ಕಲು ಇನ್ನೊಬ್ಬನ ಹೆಸರಿನಲ್ಲಿ ಅಂಚೆ ಕಳುಹದಂತೆ ತಡೆಯುವದು ಯಂತ್ರವನ್ನಾಳುವವನ ಕರ್ತವ್ಯವು. ಬಾಡಿಗೆ ಕೊಟ್ಟವನ ಅಜ್ಞಾನಕ್ಕೆ ಕ್ಷಮೆಯುಂಟು. ಬಾಡಿಗೆ ಎಣಿಸಿಕೊಂಡವನ ಔದಾಸೀನ್ಯಕ್ಕಿಲ್ಲ. ಆದಕಾರಣ ಹೊಣೆಯ ಮುಖ್ಯಭಾಗವನ್ನು ನಾನು ಅವನ ಮೇಲೆಯೇ ಹೊರಿಸುವೆನು.

ಕಠಿನತೆಗೂ ಬೆಲೆಯುಂಟು. ಸಜ್ಜನನೊಬ್ಬನು ಪತ್ರವನ್ನು ಹಳೆಯ ವಿಳಾಸದಿಂದ ಹೊಸದಕ್ಕೆ ತಿರುಗಿಸಿದರೆ, ಬಂದ ಯಂತ್ರವು ಪಟ್ಟಿಯಲ್ಲಿಲ್ಲವಾಗಿ, ನಿಜವಾದ ಪತ್ರವೂ ಖೊಟ್ಟಿಯಂತೆ ಕಾಣುವದು. ಆದುದರಿಂದಲೇ ಮೊದಲು ವರದಿಗಳನ್ನು ತರಿಸಿ ನೋಡಿ, ತರುವಾಯ ತಿರಸ್ಕಾರದ ಆಜ್ಞೆ ಕೊಡುವದು ವಿವೇಕವೆನ್ನುವರು. ಆದರೆ ನೋಡುವೆವೆಂದು ಹೇಳಿ ವರ್ಷಗಟ್ಟಲೆ ಅಲ್ಲಿಯೇ ನಿಂತವರನ್ನು ಏನೆನ್ನೋಣ? 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ರಾಶಿಯಾಗಿ ಅಂಚೆ ಕಳುಹುವವರಿಗೆ ಈ ಮೂರನ್ನೂ ಕಡ್ಡಾಯಗೊಳಿಸಿದುವು. ಧರ್ಮಬುದ್ಧಿಯಿಂದ ಆಗದುದು ವ್ಯಾಪಾರಬುದ್ಧಿಯಿಂದಾಯಿತು.

ಇಷ್ಟಾದರೂ ಒಂದು ರಂಧ್ರವು ಉಳಿಯುವದು. ಗಿರಣಿಯ ಹೆಸರಿನಲ್ಲಿ ಒಂದಕ್ಷರವನ್ನು ಮಾತ್ರ ತಿರುಚಿ ಕಳ್ಳನು ಹೊಸ ಡೊಮೇನನ್ನೇ ಕೊಂಡರೆ, ಅವನ ಪಟ್ಟಿಯೂ ಮೊಹರೂ ನಿರ್ದುಷ್ಟವಾಗಿರುವವು. ಬ್ಯಾಂಕುಗಳ ಮಟ್ಟಿಗೆ ಭಾರತೀಯ ರಿಸರ್ವ್ ಬ್ಯಾಂಕು 2025ರಲ್ಲಿ ಡಾಟ್ ಬ್ಯಾಂಕ್ ಡಾಟ್ ಇನ್ ಎಂಬ, ಬ್ಯಾಂಕುಗಳಿಗಲ್ಲದೆ ಬೇರಾರಿಗೂ ಸಿಗದ ಕುಲನಾಮವನ್ನು ವಿಧಿಸಿದೆ. ಅಕ್ಕಿಯ ವರ್ತಕನಿಗೆ ಅಂಥ ಕುಲನಾಮವಿಲ್ಲ. ಖಾತೆ ಬದಲಾಯಿತೆಂಬ ಪತ್ರ ಬಂದಾಗ ಅವನು ಹಳೆಯ ವಹಿಯಲ್ಲಿ ಬರೆದಿಟ್ಟ ದೂರವಾಣಿಯ ಅಂಕಿಯನ್ನೇ ಹುಡುಕಿ, ಗಿರಣಿಯವರನ್ನು ಕರೆದು ಕೇಳಬೇಕಾಗುವದು.