ಮಾರುವವನ ಮೌನ

ಒಂದು ವಸ್ತುವನ್ನು ಮಾರುವವನು ಅದರ ದೋಷವನ್ನು ತಾನಾಗಿಯೇ ಹೇಳಬೇಕೋ, ಕೇಳಿದಾಗ ಹೇಳಿದರೆ ಸಾಕೋ ಎಂಬ ಪ್ರಶ್ನೆಯು ಬಹು ಹಳೆಯದು. ನಮ್ಮ ಎತ್ತಿನ ಜಾತ್ರೆಗಳಲ್ಲಿ ಇದು ದಿನಕ್ಕೆ ನೂರು ಬಾರಿ ಹುಟ್ಟಿ ನೂರು ಬಾರಿ ಸಾಯುತ್ತದೆ. ಹಲ್ಲೆಣಿಸಿ, ಸುಳಿ ನೋಡಿ, ನೊಗಕ್ಕೆ ಹೂಡಿ ನಾಲ್ಕು ಹೆಜ್ಜೆ ನಡೆಯಿಸಿ ಕೊಳ್ಳುವ ರೈತನು ಮಾರುವವನ ಮಾತನ್ನು ಅಷ್ಟಾಗಿ ನಚ್ಚುವುದೂ ಇಲ್ಲ, ಅವನು ಮಾತನಾಡದಿದ್ದರೆ ನೊಂದುಕೊಳ್ಳುವುದೂ ಇಲ್ಲ. ಆದರೆ ಈ ಪ್ರಶ್ನೆಯು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ನಾಟಿದುದು ಎತ್ತಿನ ಜಾತ್ರೆಯಲ್ಲಲ್ಲ; ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ, ಮೊಳಕಾಲುದ್ದದ ಹಿಮದ ನಡುವೆ, ಕೈಬದಲಾಗಲಿದ್ದ ಒಂದು ಹಳೆಯ ಸ್ನೋಮೊಬೈಲಿನ ಮುಂದೆ. 2019ರ ಚಳಿಗಾಲವನ್ನು ನಾನು ಅಲ್ಲಿ ಮಗಳ ಮನೆಯಲ್ಲಿ ಕಳೆದೆನು.

ಸ್ನೋಮೊಬೈಲನ್ನು ವಾಚಕರಲ್ಲಿ ಅನೇಕರು ಕಂಡಿರಲಾರರು. ಅದರ ಮುಂಭಾಗದಲ್ಲಿ ಚಕ್ರಗಳಿಗೆ ಬದಲಾಗಿ ಹಿಮದ ಮೇಲೆ ಜಾರುವ ಎರಡು ಹಲಗೆಗಳು. ಹಿಂಭಾಗದಲ್ಲಿ ಸವಾರನ ಪೀಠದ ಕೆಳಗೆ ಸುತ್ತುತ್ತಿರುವ ಅಗಲವಾದ ರಬ್ಬರಿನ ಪಟ್ಟಿ. ಇದಕ್ಕೆ ಟ್ರ್ಯಾಕ್ ಎಂದು ಹೆಸರು. ಈ ಪಟ್ಟಿಯನ್ನು ನಂಬಲರ್ಹವಾದ ರೀತಿಯಲ್ಲಿ ನಡೆಯಿಸುವ ಉಪಾಯವನ್ನು ಕಂಡವರಲ್ಲಿ ಮುಖ್ಯನು ಜೋಸೆಫ್ ಆರ್ಮಾಂಡ್ ಬಂಬಾರ್ಡಿಯೆ ಎಂಬ ಯಂತ್ರಶಿಲ್ಪಿ. ಅವನು ಕ್ವಿಬೆಕ್ಕಿನ ವಾಲ್ಕೂರ್ ಎಂಬ ಊರಿನವನು. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗುವಿಗೆ ಹೊಟ್ಟೆಯೊಳಗೆ ಕರುಳಿನ ಬೇನೆ ಹುಟ್ಟಿತು. ದಾರಿಗಳೆಲ್ಲ ಹಿಮದಿಂದ ಮುಚ್ಚಿದ್ದುದರಿಂದ ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. 1937ರಲ್ಲಿ ಅವನು ಹಲ್ಲಿನ ಚಕ್ರದಿಂದ ಪಟ್ಟಿಯನ್ನು ಎಳೆಯುವ ತನ್ನ ರಚನೆಗೆ ಪೇಟೆಂಟ್ ಪಡೆದನು. 1942ರಲ್ಲಿ ಕಂಪೆನಿಯನ್ನು ಕಟ್ಟಿದನು. ಒಬ್ಬಿಬ್ಬರು ಕುಳಿತು ಹೋಗತಕ್ಕ ಸಣ್ಣ ವಾಹನವು 1959ರಲ್ಲಿ ಹೊರಬಂದಿತು. ಇಂದು ಇದು ಬಹುಮಟ್ಟಿಗೆ ವಿನೋದದ ವಾಹನವಾಗಿದ್ದರೂ ದಾರಿಯಿಲ್ಲದ ಕಾಡಿನೊಳಗೆ ಬಾಳುವವರಿಗೆ ಈಗಲೂ ಕಾಲಿನಂತೆ ಬೇಕಾದುದು.

ಇದರ ಒಳಗಿನ ರಚನೆಯನ್ನು ಸ್ವಲ್ಪ ಹೇಳದಿದ್ದರೆ ಮುಂದಿನ ವಿಚಾರವು ತಿಳಿಯುವುದಿಲ್ಲ. ಎಂಜಿನಿನ ಬಲವು ಮೊದಲ ಕ್ಲಚ್ಚಿನಿಂದ ಒಂದು ಬೆಲ್ಟಿನ ಮೂಲಕ ಎರಡನೆಯ ಕ್ಲಚ್ಚಿಗೆ ಬರುತ್ತದೆ. ಅಲ್ಲಿಂದ ಅಡ್ಡಲಾಗಿರುವ ಒಂದು ದಂಡಕ್ಕೆ, ಆ ದಂಡದಿಂದ ಎಣ್ಣೆಯ ಪೆಟ್ಟಿಗೆಯೊಳಗಿನ ಚೈನಿನ ಮೂಲಕ ಕೆಳಗಿನ ಅಚ್ಚಿಗೆ. ಆ ಅಚ್ಚಿನ ಮೇಲೆ ಕೂರಿಸಿದ ಹಲ್ಲಿನ ಚಕ್ರಗಳು ಟ್ರ್ಯಾಕಿನ ಒಳಮೈಯ ಗುಬುಟುಗಳನ್ನು ಹಿಡಿದು ಅದನ್ನು ಸುತ್ತಿಸುತ್ತವೆ. ಟ್ರ್ಯಾಕು ಎರಡು ಹಳಿಗಳ ಮೇಲೆ ಜಾರುತ್ತದೆ. ಹಳಿಗಳಿಗೆ ಪ್ಲಾಸ್ಟಿಕ್ಕಿನ ಅಂಚನ್ನು ಕಟ್ಟಿರುತ್ತಾರೆ. ಅಲ್ಲಲ್ಲಿ ಸಣ್ಣ ಗಾಲಿಗಳೂ ಇರುತ್ತವೆ. ಇಷ್ಟು ಸಂಧಿಗಳಿರುವ ದೇಹದಲ್ಲಿ ಒಂದೊಂದು ಸಂಧಿಗೂ ಒಂದೊಂದು ನರಳಾಟ. ಗಾಲಿಯ ಬೇರಿಂಗ್ ಸವೆದರೆ ಗುರುಗುಟ್ಟುತ್ತದೆ. ಚೈನು ಸಡಿಲವಾದರೆ ವೇಗವನ್ನು ಏರಿಸಿ ಇಳಿಸುವಾಗ ಗಡಗಡನೆ ಹೊಡೆದುಕೊಳ್ಳುತ್ತದೆ. ಟ್ರ್ಯಾಕಿನ ಬಿಗಿ ಕಡಮೆಯಾದರೆ ಒಮ್ಮೆಲೆ ಬಲಕೊಟ್ಟಾಗ ಚಕ್ರದ ಹಲ್ಲು ಗುಬುಟುಗಳ ಮೇಲೆ ಹಾರಿ, ಕೆಳಗಿನಿಂದ ಯಾರೋ ಸುತ್ತಿಗೆಯಿಂದ ಬಡಿದಂತೆ ಸದ್ದಾಗುತ್ತದೆ.

ನಾನು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಉರುಹೊಡೆದವನು. ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಉದಾಹರಣೆಯನ್ನು ಎಷ್ಟು ಬಾರಿ ಹೇಳಿದೆನೋ, ಎಷ್ಟು ಬಾರಿ ಹೇಳಿಸಿದೆನೋ ಲೆಕ್ಕವಿಲ್ಲ. ಆದರೆ ಕಾರ್ಯದಿಂದ ಕಾರಣವನ್ನು ತಿಳಿಯುವ ಆ ಶೇಷವದನುಮಾನವು ಜೀವಂತವಾಗಿ ನಡೆಯುವುದನ್ನು ನಾನು ಕಂಡುದು ಅಳಿಯಂದಿರ ಗ್ಯಾರೇಜಿನಲ್ಲಿ. ಅವರು ವಾಹನದ ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆತ್ತಿ, ಎಂಜಿನನ್ನು ನಿಲ್ಲಿಸಿ, ಟ್ರ್ಯಾಕನ್ನು ಕೈಯಿಂದ ಮೆಲ್ಲನೆ ತಿರುಗಿಸಿದರು. “ಕಟಕ್” ಎಂಬ ಸದ್ದು ಆಗಾಗ ಕೇಳಿಸಿತು. ನಾನು ಸೀಮೆಸುಣ್ಣದಿಂದ ಟ್ರ್ಯಾಕಿನ ಮೇಲೆ ಒಂದು ಗೀಟೆಳೆದು, ಆ ಗೀಟು ಮತ್ತೆ ಮೇಲೆ ಬರುವವರೆಗೆ ಎಣಿಸತೊಡಗಿದೆನು. ಆರು ಸದ್ದುಗಳು. ಟ್ರ್ಯಾಕಿನ ಉದ್ದ 121 ಅಂಗುಲ, ಒಂದು ಗುಬುಟಿನಿಂದ ಇನ್ನೊಂದಕ್ಕೆ 2.52 ಅಂಗುಲ, ಅಂದರೆ ಸುತ್ತಿಗೆ 48 ಗುಬುಟು. ಚಕ್ರಕ್ಕೆ 8 ಹಲ್ಲು. ಆದುದರಿಂದ ಟ್ರ್ಯಾಕು ಒಮ್ಮೆ ಸುತ್ತುವುದರೊಳಗೆ ಅಚ್ಚು ಆರು ಬಾರಿ ಸುತ್ತುತ್ತದೆ. ದೋಷವು ಟ್ರ್ಯಾಕಿನಲ್ಲಿಯೇ ಇದ್ದಿದ್ದರೆ ಸದ್ದು ಸುತ್ತಿಗೆ ಒಂದೇ ಆಗಬೇಕಾಗಿತ್ತು. ಮೇಲಿನ ದಂಡದಲ್ಲಿ ಇದ್ದಿದ್ದರೆ, ಅದು ಅಚ್ಚಿಗಿಂತ ಬೇಗ ಸುತ್ತುವುದರಿಂದ, ಆರಕ್ಕಿಂತ ಹೆಚ್ಚಾಗಬೇಕಾಗಿತ್ತು. ಆರೇ ಆದುದರಿಂದ ದೋಷವು ಕೆಳಗಿನ ಅಚ್ಚಿನಲ್ಲಿ: ಟ್ರ್ಯಾಕನ್ನು ಎಳೆಯುವ ಚಕ್ರದ ಹಲ್ಲೋ, ಅದೇ ಅಚ್ಚಿನ ತುದಿಗೆ ಚೈನಿನ ಪೆಟ್ಟಿಗೆಯೊಳಗಿರುವ ಚಕ್ರದ ಹಲ್ಲೋ, ಎರಡರಲ್ಲೊಂದು. ಅರುವತ್ತು ದಾಟಿದ ಮೇಲೆ ಇಂಥದೊಂದು ಲೆಕ್ಕವು ಸರಿಬಂದಾಗ ಆಗುವ ಸಂತೋಷವನ್ನು ನಾನು ಮರೆಮಾಡುವುದಿಲ್ಲ.

ಆದರೆ ಸದ್ದೆಲ್ಲವೂ ದೋಷವಲ್ಲ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನುವುದು ಹೇಗೆ ತಪ್ಪೋ, ಹಸಿಯ ಸೌದೆಯೆಂಬ ಉಪಾಧಿಯನ್ನು ಹೇಗೆ ಮರೆಯಕೂಡದೋ ಹಾಗೆಯೇ ಇಲ್ಲಿಯೂ ಉಪಾಧಿಗಳುಂಟು. ಎಂಜಿನು ಮಂದವಾಗಿ ಓಡುವಾಗ ಮೊದಲ ಕ್ಲಚ್ಚು ಸ್ವಲ್ಪ ಗಲಗಲಿಸುವುದು ಅದರ ಸ್ವಭಾವ. ಬರಿಯ ಮಂಜುಗಡ್ಡೆಯ ಮೇಲೆ ಓಡಿಸಿದರೆ ಹಳಿಯ ಪ್ಲಾಸ್ಟಿಕ್ ಅಂಚುಗಳು ಕಿರುಚುತ್ತವೆ. ಅವುಗಳಿಗೆ ಹಿಮವೇ ಎಣ್ಣೆ, ಹಿಮವು ಸಿಡಿದು ಮೇಲೆ ಬೀಳದಿದ್ದರೆ ಒಣಗಿ ಕಾಯುತ್ತವೆ. ಇಂಥ ಸಂದೇಹಗಳಿಗೆ ಅನ್ವಯವ್ಯತಿರೇಕವೇ ಮದ್ದು. ಬೆಲ್ಟನ್ನು ಕಳಚಿ, ವೇಗವನ್ನು ಏರಿಸದೆ ಎಂಜಿನನ್ನು ಕ್ಷಣಕಾಲ ಓಡಿಸಿದರೆ, ಆಗಲೂ ಉಳಿಯುವ ಸದ್ದು ಎಂಜಿನಿನದು ಅಥವಾ ಮೊದಲ ಕ್ಲಚ್ಚಿನದು, ಇಲ್ಲವಾಗುವುದು ಆಚೆಯದು. ಈ ಉಪಾಯವನ್ನು ಅಲ್ಲಿನ ಹುಡುಗರೂ ಬಲ್ಲರು. ಅವರು ತರ್ಕಸಂಗ್ರಹವನ್ನು ಓದಿದವರಲ್ಲ ಎಂಬುದನ್ನು ಹೇಳಬೇಕಾದುದಿಲ್ಲ.

ಇನ್ನು ನಡೆದ ಸಂಗತಿ. ವಾಹನವನ್ನು ನೋಡಲು ಭಾನುವಾರ ಒಬ್ಬರು ಬರುವವರಿದ್ದರು. ಶನಿವಾರ ರಾತ್ರಿ ಊಟದ ಹೊತ್ತಿನಲ್ಲಿ ಅಳಿಯಂದಿರು, “ಮಾವ, ನಾಳೆ ಅದನ್ನು ಹಿತ್ತಲಿನ ಮೆತ್ತನೆಯ ಹಿಮದಲ್ಲಿ ಓಡಿಸಿ ತೋರಿಸುತ್ತೇನೆ, ಅಲ್ಲಿ ಚೆನ್ನಾಗಿ ಓಡುತ್ತದೆ” ಎಂದರು. ಮೆತ್ತನೆಯ ಹಿಮವು ಸದ್ದನ್ನು ನುಂಗುತ್ತದೆ. ಮೇಲೆ ಎಂಜಿನಿನ ಅಬ್ಬರ. ಅಲ್ಲಿ “ಕಟಕ್” ಎಂಬುದು ಯಾವ ಕಿವಿಗೂ ಬೀಳದು. ಅವರ ಮಾತಿನ ಅರ್ಥವು ನನಗೆ ಆಗಲೇ ಆಯಿತು. ನಾನು ಅನ್ನವನ್ನು ಕಲಸುತ್ತಾ ಸುಮ್ಮನಿದ್ದೆನು.

ಅಳಿಯಂದಿರ ಪಕ್ಷವನ್ನು ನ್ಯಾಯವಾಗಿಯೇ ಹೇಳಬೇಕು. ಆಮೇಲೆ ಅವರೇ ಅದನ್ನು ನನಗೆ ಬಿಡಿಸಿ ಹೇಳಿದರು. ವಸ್ತುವು ಹಳೆಯದು, ಬೆಲೆಯೂ ಹಳೆಯ ವಸ್ತುವಿನ ಬೆಲೆಯೇ. ಬರುವವನು ಮಗುವಲ್ಲ, ಹಿಮದಲ್ಲಿ ಹುಟ್ಟಿ ಬೆಳೆದವನು. ವಾಹನವನ್ನು ಎತ್ತಿ ನೋಡಬೇಡವೆಂದು ಅವನಿಗೆ ಯಾರೂ ಹೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿರಲಿಲ್ಲ. ಮಾರುವವನು ಕೊಳ್ಳುವವನಿಗೆ ಉಪಾಧ್ಯಾಯನೇ ಆಗಬೇಕೆಂದರೆ ಲೋಕದಲ್ಲಿ ವ್ಯಾಪಾರವೆಲ್ಲಿ ನಡೆದೀತು? ಈ ವಾದವು ಹಗುರವಾದುದಲ್ಲ. ತಾನು ತಿಳಿದುದನ್ನೆಲ್ಲ ಹೇಳಬೇಕೆಂಬ ಕಟ್ಟಳೆಯನ್ನು ನಾನೂ ಒಪ್ಪಲಾರೆನು. ನಾಳೆ ಬೆಲೆ ಇಳಿಯುವುದೆಂದು ಬಲ್ಲ ಭತ್ತದ ವ್ಯಾಪಾರಿಯು ಇಂದು ಬಾಯಿಮುಚ್ಚಿ ಮಾರಿದರೆ ಅವನನ್ನು ಚತುರನೆನ್ನಬಹುದಲ್ಲದೆ ಕಳ್ಳನೆನ್ನಲಾಗದು.

ಹಾಗಾದರೆ ತಪ್ಪು ಎಲ್ಲಿ? ಮೀಮಾಂಸಕರೂ ವೇದಾಂತಿಗಳೂ ಅನುಪಲಬ್ಧಿಯೆಂಬ ಒಂದು ಪ್ರಮಾಣವನ್ನು ಹೇಳುತ್ತಾರೆ. ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆಂದು ತಿಳಿಯುತ್ತೇವೆ. ಆದರೆ ಇದಕ್ಕೊಂದು ನಿಯಮವುಂಟು: ಇದ್ದಿದ್ದರೆ ಕಾಣತಕ್ಕಂಥ ಸ್ಥಿತಿಯಿರಬೇಕು. ಕತ್ತಲೆಯಲ್ಲಿ ಕಾಣಲಿಲ್ಲವೆಂಬುದು ಯಾವುದಕ್ಕೂ ಪ್ರಮಾಣವಲ್ಲ. ಕೊಳ್ಳುವವನು ಕಿವಿಗೊಟ್ಟು, “ಸದ್ದಿಲ್ಲ, ಆದುದರಿಂದ ದೋಷವಿಲ್ಲ” ಎಂದು ತೀರ್ಮಾನಿಸುತ್ತಾನೆ. ಈ ತೀರ್ಮಾನವೇ ಅವನ ರಕ್ಷೆ. ಮೆತ್ತನೆಯ ಹಿಮವನ್ನು ಆರಿಸಿಕೊಂಡವನು ಸುಳ್ಳೊಂದನ್ನೂ ಆಡದೆ ಆ ಯೋಗ್ಯತೆಯನ್ನೇ ತೆಗೆದುಬಿಡುತ್ತಾನೆ. ದೀಪವನ್ನು ಆರಿಸಿ, “ಬೇಕಾದಷ್ಟು ನೋಡಿಕೊಳ್ಳಿ” ಎನ್ನುತ್ತಾನೆ. ಹೇಳದಿರುವುದು ಒಂದು, ಕೇಳಿಸದಂತೆ ಮಾಡುವುದು ಇನ್ನೊಂದು. ಮೊದಲನೆಯದರಲ್ಲಿ ಕೊಳ್ಳುವವನ ಇಂದ್ರಿಯಗಳು ಅವನ ವಶದಲ್ಲಿಯೇ ಇರುತ್ತವೆ. ಎರಡನೆಯದರಲ್ಲಿ ಅವು ಮಾರುವವನ ಕೈಯ ಉಪಕರಣಗಳಾಗುತ್ತವೆ. ಇದು ಸುಳ್ಳಿಗಿಂತಲೂ ಕೆಟ್ಟದೆಂದು ನನಗೆ ತೋರುತ್ತದೆ. ಏಕೆಂದರೆ ಸುಳ್ಳನ್ನು ಸಂದೇಹಿಸಬಹುದು, ತನ್ನ ಕಿವಿಯನ್ನು ಯಾರು ಸಂದೇಹಿಸುತ್ತಾರೆ?

ನಮ್ಮ ಧರ್ಮಶಾಸ್ತ್ರಕಾರರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕೊಂಡ ವಸ್ತುವನ್ನು ಪರೀಕ್ಷಿಸಲು ಯಾಜ್ಞವಲ್ಕ್ಯಸ್ಮೃತಿಯು ಬೀಜಕ್ಕೆ 10 ದಿನ, ಲೋಹಕ್ಕೆ 1 ದಿನ, ಹೊರೆ ಹೊರುವ ಪ್ರಾಣಿಗೆ 5 ದಿನ, ಹಾಲು ಕರೆಯುವ ಪ್ರಾಣಿಗೆ 3 ದಿನ ಎಂದು ಅವಧಿಗಳನ್ನು ಕೊಟ್ಟಿದೆ. ಸ್ನೋಮೊಬೈಲು ಲೋಹವೋ, ಹೊರೆ ಹೊರುವ ಪ್ರಾಣಿಯೋ ಎಂಬ ಶಂಕೆಯನ್ನು ಪಂಡಿತರು ತೀರಿಸಲಿ. ನನ್ನ ಮತದಲ್ಲಿ ಐದು ದಿನವೇ ನ್ಯಾಯ. ದೋಷವುಳ್ಳುದನ್ನು ದೋಷವಿಲ್ಲದುದೆಂಬಂತೆ ಮಾರಿದವನಿಗೆ ಬೆಲೆಯ ಎರಡರಷ್ಟು ದಂಡವನ್ನು ಅದೇ ಸ್ಮೃತಿಯು ವಿಧಿಸುತ್ತದೆ. ಇದಕ್ಕೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಕ್ವಿಬೆಕ್ಕಿನವರದೂ ಇದಕ್ಕೆ ದೂರವಾದ ಮಾತಲ್ಲ. 1994ರಿಂದ ಜಾರಿಯಲ್ಲಿರುವ ಅವರ ಸಿವಿಲ್ ಸಂಹಿತೆಯ 1726ನೆಯ ವಿಧಿಯಂತೆ ಗೂಢದೋಷಕ್ಕೆ ಮಾರಿದವನು ಹೊಣೆ. ಜಾಗರೂಕನಾದ ಕೊಳ್ಳುವವನಿಗೆ ತಜ್ಞನ ಸಹಾಯವಿಲ್ಲದೆ ತಿಳಿಯುವಂಥ ದೋಷಕ್ಕೆ ಮಾತ್ರ ಹೊಣೆಯಲ್ಲ. ತಾನು ಬಲ್ಲ ದೋಷವನ್ನು ತಿಳಿಸದವನು ಮಾತಿನಿಂದ ಈ ಹೊಣೆಯನ್ನು ಕಳಚಿಕೊಳ್ಳಲೂ ಆಗದು. ಆದರೆ ಸದ್ದೆಂಬುದು ಗೂಢವೋ ಪ್ರಕಟವೋ? ಸ್ಟ್ಯಾಂಡಿನ ಮೇಲೆ ಪ್ರಕಟ, ಹಿಮದಲ್ಲಿ ಗೂಢ. ಎಲ್ಲಿ ತೋರಿಸಬೇಕೆಂಬುದನ್ನು ಆರಿಸಿದವನೇ ದೋಷದ ಜಾತಿಯನ್ನೂ ಆರಿಸಿದಂತಾಯಿತು.

ಭಾನುವಾರ ಬೆಳಗ್ಗೆ ಕೊಳ್ಳುವವರು ಬಂದರು. ನನ್ನ ವಯಸ್ಸಿನವರೇ, ಜತೆಯಲ್ಲಿ ಹತ್ತು ವರ್ಷದ ಒಬ್ಬ ಹುಡುಗ, ಮೊಮ್ಮಗನಿರಬೇಕು. ಕಾಡಿನೊಳಗೆ ಇಪ್ಪತ್ತು ಮೈಲಿಯಾಚೆ ಅವರಿಗೊಂದು ಮರದ ಮನೆಯಿದೆಯೆಂದೂ ಹುಡುಗನನ್ನು ಹಿಂದೆ ಕೂರಿಸಿಕೊಂಡು ಅಲ್ಲಿಗೆ ಹೋಗಿಬರಲು ವಾಹನವು ಬೇಕೆಂದೂ ಮಗಳು ನನಗೆ ಹೇಳಿದಳು. ಅಂದು ಹೊರಗೆ ಶೂನ್ಯಕ್ಕಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಹಿತ್ತಲಿನಲ್ಲಿ ವಾಹನವು ಸೊಗಸಾಗಿ ಓಡಿತು. ಮುದುಕರು ತಲೆದೂಗಿ ಕೈಗವಸನ್ನು ತೆಗೆದು ಹಣದ ಚೀಲಕ್ಕೆ ಕೈಹಾಕಿದರು. ನನಗೆ ಫ್ರೆಂಚು ಬಾರದು. ನಾನು ಹತ್ತಿರ ಹೋಗಿ ಟ್ರ್ಯಾಕನ್ನು ತೋರಿಸಿ, ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಬರೆದು, ನಾಲಗೆಯಿಂದ “ಕಟಕ್, ಕಟಕ್” ಎಂದು ಆರು ಬಾರಿ ಸದ್ದುಮಾಡಿದೆನು. ಹುಡುಗನು ನಕ್ಕನು. ಮುದುಕರು ನಗಲಿಲ್ಲ. ಒಂದು ಕ್ಷಣ ನನ್ನನ್ನೇ ನೋಡಿ, ಅಳಿಯಂದಿರ ಕಡೆ ತಿರುಗಿ ಏನನ್ನೋ ಕೇಳಿದರು. ವಾಹನವನ್ನು ಒಳಗೆ ತಂದು ಎತ್ತಿದರು.

ಅವರು ಅದನ್ನು ಕೊಳ್ಳಲಿಲ್ಲ. ಆ ವಾರವೇ ಅಳಿಯಂದಿರು ಬಿಚ್ಚಿ ನೋಡಿದಾಗ ಚೈನಿನ ಪೆಟ್ಟಿಗೆಯೊಳಗೆ ಎಲ್ಲವೂ ಸರಿಯಾಗಿದ್ದಿತು. ಟ್ರ್ಯಾಕನ್ನು ಎಳೆಯುವ ಪ್ಲಾಸ್ಟಿಕ್ಕಿನ ಚಕ್ರದಲ್ಲಿ ಒಂದು ಹಲ್ಲು ಅರ್ಧಕ್ಕೆ ಮುರಿದಿದ್ದಿತು. ಹೊಸ ಚಕ್ರಗಳನ್ನು ಹಾಕಿಸಿ, ಹಾಕಿಸಿದುದನ್ನು ಹೇಳಿಯೇ ಮಾರಿದರು. ಎರಡು ದಿನ ನನ್ನೊಡನೆ ಮಾತನಾಡಲಿಲ್ಲ, ಮೂರನೆಯ ದಿನ ಕಾಫಿಯನ್ನು ತಂದಿಟ್ಟು, “ಶನಿವಾರ ರಾತ್ರಿಯೇ ನನಗೆ ಒಂದು ಮಾತು ಹೇಳಬಹುದಾಗಿತ್ತಲ್ಲ, ಮಾವ, ನಾನು ಕೇಳುತ್ತಿದ್ದೆ” ಎಂದರು.

ಅವರು ಕೇಳುತ್ತಿದ್ದರೋ ಇಲ್ಲವೋ, ನಾನು ಹೇಳಬಹುದಾಗಿತ್ತು ಎಂಬುದಂತೂ ನಿಜ. ಭಾಷೆ ಬಾರದವರ ಮುಂದೆ ಬಾಯಿ ತೆರೆದವನು, ನನ್ನದೇ ಭಾಷೆಯನ್ನಾಡುವವರ ಮುಂದೆ ಅನ್ನ ಕಲಸುತ್ತಾ ಕುಳಿತಿದ್ದೆನು. ಮಗಳ ಮನೆಯಲ್ಲಿ ಅತಿಥಿ, ಸುಮ್ಮನಿರುವುದೇ ಮರ್ಯಾದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆನು. ಮಾರುವವನ ಮೌನವನ್ನು ಕುರಿತು ಇಷ್ಟು ಬರೆದ ಮೇಲೆಯೂ ಆ ರಾತ್ರಿಯ ನನ್ನ ಮೌನವನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕೆಂಬುದು ನನಗೆ ಗೊತ್ತಾಗಿಲ್ಲ. ಅಳಿಯಂದಿರಿಗೆ ಅಂದು ಕೊಡಬೇಕಾದ ಉತ್ತರವನ್ನೂ ನಾನು ಇನ್ನೂ ಕೊಟ್ಟಿಲ್ಲ.